ಎಷ್ಟು ಗಂಟೆಗೆ ತೆಗೆದ ರಕ್ತ ಅದು?

(ಧಾರವಾಡದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಮಳೆ ಬಂದು, ತಗಡಿನ ಸದ್ದಿಗೆ ಕೇಳಿಸದೇ ಹೋದ ಭಾಗವನ್ನೂ ಸೇರಿಸಿದ್ದೇನೆ.)

ಮೊದಲು ಒಂದು ಕೋಳಿಯ ವಿಷಯ ಹೇಳುತ್ತೇನೆ. ಹಾರ್ಮೋನು ಆಮೇಲೆ.

ನಮ್ಮ ಅಜ್ಜಿಯ ಊರು ರಾಣೆಬೆನ್ನೂರಿನ ಹತ್ತಿರ. ಬೇಸಿಗೆ ಸೂಟಿಗೆ ಅಲ್ಲಿಗೆ ಹೋದರೆ ಹಿತ್ತಲಿನಿಂದ ತತ್ತಿ ಆರಿಸಿ ತರುವ ಕೆಲಸ ನನ್ನದು. ಐದಾರು ಕೋಳಿ ಇದ್ದವು. ಅದರಲ್ಲೊಂದು ಕೆಂಪು ಕೋಳಿ. ಒಂದು ದಿನ ಮುಂಜಾನೆ ಏಳಕ್ಕೆ ತತ್ತಿ ಇಟ್ಟರೆ ಮರುದಿನ ಎಂಟು ದಾಟಿರುತ್ತಿತ್ತು. ಅದರ ಮರುದಿನ ಒಂಬತ್ತೂವರೆ. ಹೀಗೇ ಜಾರುತ್ತ ಮಧ್ಯಾಹ್ನಕ್ಕೆ ಬಂದು ಮುಟ್ಟುತ್ತಿತ್ತು. ಆಮೇಲೆ ಒಂದು ದಿನ ಬುಟ್ಟಿ ಖಾಲಿ. ಮತ್ತೆ ಮುಂಜಾನೆ ಏಳರಿಂದ ಶುರು. ಯಾಕೆ ಹೀಗೆ ಅಂತ ಅಜ್ಜಿಯನ್ನು ಕೇಳಿದೆ. "ಅದಕ್ಕೂ ಒಂದ್ ದಿನ ಸೂಟಿ ಬ್ಯಾಡೇನವ್ವಾ?" ಅಂದಳು.

ಆ ಉತ್ತರಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿದ್ದು ಎಂ.ಎಸ್ಸಿ.ಗೆ ಬಂದ ಮೇಲೆ. ಕೋಳಿಯ ಹೊಟ್ಟೆಯಲ್ಲಿ ಒಂದು ಹಳದಿ ಉಂಡೆ (ತತ್ತಿಯೊಳಗಿನ ಹಳದಿ ಭಾಗ) ಕಳಚಿ ಹೊರಟರೆ ಅದು ತತ್ತಿಯಾಗಿ ಹೊರಗೆ ಬರಲು ಸುಮಾರು 25 ತಾಸು ಬೇಕು. ಅದರಲ್ಲಿ ಹತ್ತಿರ ಹತ್ತಿರ 20 ತಾಸು ಬರೀ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ತತ್ತಿ ಇಟ್ಟು ಅರ್ಧ ತಾಸಿಗೆ ಮುಂದಿನ ಉಂಡೆ ಕಳಚುತ್ತದೆ. ಅಂದಮೇಲೆ ದಿನವೂ ತಾಸು ಒಂದೂವರೆ ತಾಸು ತಡವಾಗಲೇಬೇಕು, ಅಲ್ವಾ? ಆದರೆ ಉಂಡೆ ಕಳಚು ಅಂತ ಹೇಳುವ ಎಲ್‌ಎಚ್ ಅನ್ನುವ ಹಾರ್ಮೋನು ಮನಸ್ಸಿಗೆ ಬಂದಾಗ ಏರುವಂಥದ್ದಲ್ಲ. ಮೆದುಳಿನ ಗಡಿಯಾರ ರಾತ್ರಿ ಸುಮಾರು ಎಂಟು ತಾಸು ಮಾತ್ರ ಬಾಗಿಲು ತೆರೆದಿಡುತ್ತದೆ. ತಡವಾಗುತ್ತ ಆಗುತ್ತ ಕೋಳಿ ಆ ಬಾಗಿಲು ಮುಚ್ಚಿದ ಮೇಲೆ ಬಂದು ನಿಂತರೆ, ಮುಂದಿನ ರಾತ್ರಿವರೆಗೆ ಕಾಯಬೇಕು. ಅದೇ ಸೂಟಿ.

ನಾನು ಮೂವತ್ತು ವರ್ಷ ಮಾಡಿದ ಕೆಲಸ ಇಷ್ಟೇ. ಬಾಗಿಲು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಅಂತ ನೋಡುವುದು. ಕೋಳಿಯಲ್ಲಲ್ಲ, ಇಲಿಯಲ್ಲಿ.

ಯಾಕೆ ಇಲಿ ಅಂದರೆ ಸಿಗುತ್ತಿದ್ದದ್ದು ಅದೇ. ಸಂಶೋಧನೆಯಲ್ಲಿ ಅರ್ಧ ನಿರ್ಧಾರ ಹೀಗೇ ಆಗುತ್ತವೆ. ಆಮೇಲೆ ಪ್ರಬಂಧದ ಮೊದಲ ಅಧ್ಯಾಯದಲ್ಲಿ ದೊಡ್ಡ ಕಾರಣ ಬರೆಯುತ್ತೇವೆ.

ಹೆಣ್ಣು ಇಲಿಗೆ ನಾಲ್ಕೈದು ದಿನದ ಋತುಚಕ್ರ. 1950ರಲ್ಲಿ ಅಮೆರಿಕದ ಎವರೆಟ್ ಮತ್ತು ಸಾಯರ್ ಅನ್ನುವ ಇಬ್ಬರು ಒಂದು ಪ್ರಯೋಗ ಮಾಡಿದರು. ನಾನು ಎಷ್ಟೋ ಪ್ರಯೋಗ ಓದಿದ್ದೇನೆ, ಇದರಷ್ಟು ಚೆಂದದ್ದು ಕಡಿಮೆ. ಇಲಿಗಳ ಕೋಣೆಯಲ್ಲಿ ಮುಂಜಾನೆ ಐದಕ್ಕೆ ದೀಪ ಹತ್ತುತ್ತದೆ, ಸಂಜೆ ಏಳಕ್ಕೆ ಆರುತ್ತದೆ. ಅಂಡ ಬಿಡುಗಡೆ ಆಗಬೇಕಾದ ಹಿಂದಿನ ದಿನ ಮಧ್ಯಾಹ್ನ ಎರಡಕ್ಕೆ ಇಲಿಗೆ ಅಮಲಿನ ಇಂಜೆಕ್ಷನ್ ಕೊಟ್ಟರು. ಆ ರಾತ್ರಿ ಅಂಡ ಬಿಡುಗಡೆ ಆಗಲಿಲ್ಲ. ನಾಲ್ಕಕ್ಕೆ ಕೊಟ್ಟರೆ ಏನೂ ಫರಕು ಬೀಳಲಿಲ್ಲ, ಆಗಿಯೇ ಆಯಿತು. ಅಂದರೆ ಮೆದುಳು ಆ ಎರಡು ತಾಸಿನಲ್ಲೇ ಅಪ್ಪಣೆ ಕಳಿಸುತ್ತದೆ. ಅದಕ್ಕಿಂತ ಮಜಾ ಮುಂದಿದೆ. ತಪ್ಪಿಹೋದ ಅಂಡ ಅಮಲು ಇಳಿದ ತಕ್ಷಣ ಬರಲಿಲ್ಲ. ಸರಿಯಾಗಿ 24 ತಾಸು ಬಿಟ್ಟು ಬಂತು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಸಂಜೆಯ ಗಾಡಿ ತಪ್ಪಿದರೆ ನಾಳೆ ಸಂಜೆಯ ಗಾಡಿಯೇ ಗತಿ, ಹಾಗೆ.

ನನ್ನ ಕೆಲಸ ಆ ಅಪ್ಪಣೆಯ ಹೊತ್ತಿನಲ್ಲಿ ರಕ್ತದಲ್ಲಿ ಎಲ್‌ಎಚ್ ಎಷ್ಟು ಏರುತ್ತದೆ ಅಂತ ಅಳೆಯುವುದು. ಈಗಿನ ಹುಡುಗರು ತಟ್ಟೆಯಲ್ಲಿ ಬಣ್ಣ ನೋಡಿ ಅಳೆಯುತ್ತಾರೆ. ಆಗ ರೇಡಿಯೋ ಇಮ್ಯುನೋ ಅಸ್ಸೆ. ಸಾಲೊಮನ್ ಬರ್ಸನ್ ಮತ್ತು ರೊಸಾಲಿನ್ ಯಾಲೊ ಕಂಡುಹಿಡಿದ ವಿಧಾನ. 1977ರಲ್ಲಿ ಯಾಲೊಗೆ ನೊಬೆಲ್ ಬಂತು, ಬರ್ಸನ್ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಉಪಾಯ ಸರಳ. ವಿಕಿರಣ ಸೂಸುವ ಸ್ವಲ್ಪ ಹಾರ್ಮೋನನ್ನು ಪ್ರತಿಕಾಯದ (ಆ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನಿನ) ಜೊತೆ ಸೇರಿಸಿ ಇಡುತ್ತೀರಿ. ಅದಕ್ಕೆ ಇಲಿಯ ರಕ್ತದ ಹಾರ್ಮೋನು ಹಾಕಿದರೆ ಸೀಟಿಗಾಗಿ ಜಗಳ ಶುರುವಾಗುತ್ತದೆ. ಎಷ್ಟು ಗುರುತಿನ ಹಾರ್ಮೋನು ಸೀಟು ಕಳಕೊಂಡಿತು ಅಂತ ಎಣಿಸಿದರೆ ರಕ್ತದಲ್ಲಿ ಎಷ್ಟಿತ್ತು ಅಂತ ಗೊತ್ತಾಗುತ್ತದೆ. ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಹಾರ್ಮೋನನ್ನೂ ಹೀಗೆ ಅಳೆಯಬಹುದು. ಆದರೆ ಗುರುತಿಗೆ ಹಚ್ಚುವ ಅಯೋಡಿನ್ 125ರ ಕಸುವು 60 ದಿನಕ್ಕೆ ಅರ್ಧ ಆಗುತ್ತದೆ. ಮುಂಬೈನಿಂದ ಸೀಸದ ಡಬ್ಬಿಯಲ್ಲಿ ಬಂತು ಅಂದರೆ ಮದುವೆ ಇರಲಿ, ಜಾತ್ರೆ ಇರಲಿ, ಕೆಲಸಕ್ಕೆ ಕೂಡಬೇಕು.

ಇನ್ನು ನನ್ನ ಮಾನ ಹೋದ ಕಥೆ.

ಎರಡು ವರ್ಷ ರಕ್ತ ತೆಗೆದೆ, ಅಳೆದೆ, ಬರೆದೆ. ಅಂಕಿಗಳು ಹಾದಿಗೇ ಬರುತ್ತಿರಲಿಲ್ಲ. ಮಧ್ಯಾಹ್ನ ಮೂರೂವರೆಗೆ ಏರಬೇಕಾದ ಎಲ್‌ಎಚ್ ಒಂದು ವಾರ ಸರಿಯಾಗಿ ಏರುತ್ತಿತ್ತು. ಎರಡನೇ ವಾರ ಐದು ಗಂಟೆಗೂ ತಳದಲ್ಲೇ. ಮೂರನೇ ವಾರ ಇಲ್ಲವೇ ಇಲ್ಲ. ತಿಂಗಳ ಮೊದಲಿಗೆ ಮತ್ತೆ ಸರಿ! ಪ್ರತಿಕಾಯ ಕೆಟ್ಟಿದೆಯಾ ಅಂತ ನೋಡಿದೆ. ಇಲಿಯ ತಳಿ ಸರಿ ಇಲ್ಲವಾ ಅಂತ ನೋಡಿದೆ. ಆಹಾರ ಬದಲಿಸಿದೆ. ಕೊನೆಗೆ ನನ್ನ ಕೈಯೇ ಸರಿ ಇಲ್ಲ ಅನ್ನುವ ತೀರ್ಮಾನಕ್ಕೆ ಬಂದೆ. ಹೊಸಬರು ಬೇಗ ಬರುವ ತೀರ್ಮಾನ ಅದೇ. ಮನೆಯಲ್ಲಿ ಇದನ್ನು ಬಿಟ್ಟು ಬಿ.ಎಡ್. ಮಾಡು ಅಂತ ಶುರುವಾಗಿತ್ತು.

ಪ್ರಾಣಿಗಳ ಮನೆಗೆ ರಾತ್ರಿ ಕಾವಲಿಗೆ ಒಬ್ಬರು ವಯಸ್ಸಾದವರಿದ್ದರು. ನಾನು ಕಾಕಾ ಅನ್ನುತ್ತಿದ್ದೆ. ಇಲಿಗಳ ಕೋಣೆಯ ಹೊರಗೆ ಅವರ ಮಂಚ. ಕೆಲವು ಪಂಜರಗಳಲ್ಲಿ ಓಡಾಟ ಎಣಿಸಲು ತಿರುಗುವ ಗಾಲಿ ಇಟ್ಟಿದ್ದೆವು. ಇಲಿ ರಾತ್ರಿಯ ಪ್ರಾಣಿ, ದೀಪ ಆರಿದರೆ ಗಾಲಿ ಹತ್ತಿ ಓಡುತ್ತದೆ. ಒಂದು ಮುಂಜಾನೆ ಕಾಕಾ ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಕೇಳಿದರು: "ಬಾಯಾರ, ನಿಮ್ಮ ಇಲಿಗೋಳಿಗೆ ಆರಾಮಿಲ್ಲೇನ್ರಿ? ಮದ್ಲ ಏಳೂವರಿ ಆತಂದ್ರ ಗಿರಗಿರ ಸುರು ಮಾಡ್ತಿದ್ವು. ಈಗ ಹತ್ತಾದ್ರೂ ಸಪ್ಪಳಿಲ್ಲ. ನಂದೊಂದ್ ನಿದ್ದಿ ಆದಮ್ಯಾಲೆ ಎಬ್ಬಸ್ತಾವ್ರಿ."

ನಾನು ನಕ್ಕು ಸುಮ್ಮನಾದೆ. ಬಸ್ಸಿನಲ್ಲಿ ಕೂತ ಮೇಲೆ ಎದೆ ಧಸಕ್ ಅಂತು.

ಅವತ್ತು ರಾತ್ರಿ ಒಂಬತ್ತಕ್ಕೆ ಹೋಗಿ ಬಾಗಿಲು ತೆರೆದೆ. ಸಂಜೆ ಏಳಕ್ಕೆ ಆರಬೇಕಿದ್ದ ದೀಪ ಜಗಜಗ ಉರಿಯುತ್ತಿತ್ತು. ಕಿಟಕಿ ಇಲ್ಲದ ಕೋಣೆ, ಹೊರಗಿಂದ ಏನೂ ಕಾಣುವುದಿಲ್ಲ. ದೀಪಕ್ಕೆ ಹಚ್ಚಿದ್ದ ಟೈಮರ್ ಕರೆಂಟಿನ ಮೇಲೇ ತಿರುಗುವ ಗಡಿಯಾರ. ಕರೆಂಟು ಹೋದರೆ ಅದೂ ನಿಲ್ಲುತ್ತದೆ. ಬಂದ ಮೇಲೆ ನಿಂತಲ್ಲಿಂದ ಮುಂದುವರಿಯುತ್ತದೆ. ಆ ಕಾಲದಲ್ಲಿ ಕರೆಂಟು ಹೋಗದ ದಿನ ಯಾವುದಿತ್ತು? ದಿನಕ್ಕೆ ಹತ್ತೇ ನಿಮಿಷ ಅಂತ ಹಿಡಿದರೂ ಇಪ್ಪತ್ತು ದಿನಕ್ಕೆ ಮೂರು ತಾಸು ಇಪ್ಪತ್ತು ನಿಮಿಷ. ಇಲಿಗಳ ಪಾಲಿಗೆ ಸೂರ್ಯ ಮುಂಜಾನೆ ಐದರ ಬದಲು ಎಂಟೂ ಇಪ್ಪತ್ತಕ್ಕೆ ಹುಟ್ಟುತ್ತಿದ್ದ. ಪಾಪ, ಅವು ಅದಕ್ಕೆ ಸರಿಯಾಗಿಯೇ ಇದ್ದವು. ಒಂದನೇ ತಾರೀಖಿಗೆ ಒಬ್ಬರು ಬಂದು ಟೈಮರ್ ಸರಿ ಮಾಡಿ ಹೋಗುತ್ತಿದ್ದರು. ಅದಕ್ಕೇ ತಿಂಗಳ ಮೊದಲ ವಾರ ಎಲ್ಲ ಸರಿ.

ನನಗೆ ಎರಡು ವರ್ಷ ಯಾಕೆ ಕಾಣಲಿಲ್ಲ? ನಾನು ಹೋಗುತ್ತಿದ್ದದ್ದು ಹತ್ತರಿಂದ ಐದರವರೆಗೆ. ಮೂರು ತಾಸು ಜಾರಿದರೂ ಆ ಹೊತ್ತಿನಲ್ಲಿ ದೀಪ ಉರಿಯುತ್ತಲೇ ಇರುತ್ತದೆ. ಟೈಮರಿನ ಮುಳ್ಳು ನೋಡಿ ಕೋಣೆ ಸರಿ ಇದೆ ಅಂದುಕೊಂಡೆ, ಉರಿಯುವ ದೀಪ ನೋಡಿ ಟೈಮರ್ ಸರಿ ಇದೆ ಅಂದುಕೊಂಡೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ. ರಾತ್ರಿ ಹೋಗಿ ನೋಡುವುದು ಕೆಲಸದ ಭಾಗ ಅಂತ ನನಗೆ ಯಾರೂ ಹೇಳಿರಲಿಲ್ಲ ಅನ್ನುವುದು ನಿಜ. ರಾತ್ರಿಯ ಪ್ರಾಣಿಯನ್ನು ಹಗಲಷ್ಟೇ ನೋಡಿದ್ದು ನನ್ನದೇ ದಡ್ಡತನ ಅನ್ನುವುದೂ ನಿಜ.

ಅವತ್ತಿನಿಂದ ಯಾರು ಯಾವ ಹಾರ್ಮೋನಿನ ಅಂಕಿ ತೋರಿಸಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಎಷ್ಟು ಗಂಟೆಗೆ ತೆಗೆದ ರಕ್ತ ಅದು? ವಿದ್ಯಾರ್ಥಿಗಳು ಬೆನ್ನ ಹಿಂದೆ ನನಗೆ ಗಂಟೆ ಮೇಡಂ ಅನ್ನುತ್ತಿದ್ದರಂತೆ. ಅನ್ನಲಿ.

ಈ ಒಳಗಿನ ಗಡಿಯಾರದ ಹುಡುಕಾಟ ಶುರುವಾಗಿದ್ದು ಮುಟ್ಟಿದರೆ ಮುನಿ ಗಿಡದಿಂದ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಅದನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲೇ ಕಾಣದಿದ್ದರೂ ಹಗಲಿಗೆ ಎಲೆ ಬಿಚ್ಚುತ್ತಿತ್ತು, ರಾತ್ರಿಗೆ ಮಡಚುತ್ತಿತ್ತು. ಸರ್ಕೇಡಿಯನ್ ಅನ್ನುವ ಹೆಸರು ಬಂದದ್ದು ಬಹಳ ತಡವಾಗಿ, 1959ರಲ್ಲಿ. ಸುಮಾರು ಒಂದು ದಿನ ಅಂತ ಅರ್ಥ. 'ಸುಮಾರು' ಅನ್ನುವುದೇ ಮುಖ್ಯ. ಒಳಗಿನ ಗಡಿಯಾರ ಸರಿಯಾಗಿ 24 ತಾಸಿನದಲ್ಲ, ದಿನವೂ ಬೆಳಕು ನೋಡಿ ಮುಳ್ಳು ತಿದ್ದಿಕೊಳ್ಳಬೇಕು. 1971ರಲ್ಲಿ ಕೊನೋಪ್ಕಾ ಮತ್ತು ಬೆಂಜರ್ ಹಣ್ಣಿನ ನೊಣದಲ್ಲಿ ಒಂದೇ ಜೀನ್ ಕೆಟ್ಟರೆ ಗಡಿಯಾರ 19 ತಾಸಿಗೆ ಇಳಿಯಬಹುದು, 28ಕ್ಕೆ ಏರಬಹುದು, ಪೂರಾ ನಿಂತೂ ಹೋಗಬಹುದು ಅಂತ ತೋರಿಸಿದರು. ಆ ಜೀನ್ ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿದ ಹಾಲ್, ರಾಸ್‌ಬಾಶ್, ಯಂಗ್ ಮೂವರಿಗೆ 2017ರ ನೊಬೆಲ್ ಬಂತು. ನಮ್ಮ ನಿಮ್ಮ ತಲೆಯಲ್ಲಿ ಈ ಗಡಿಯಾರ ಇರುವುದು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ. ಸುಮಾರು 20 ಸಾವಿರ ಕೋಶಗಳು, ಅಕ್ಕಿಕಾಳಿಗಿಂತ ಸಣ್ಣದು. 20 ತಾಸಿನ ಗಡಿಯಾರ ಇರುವ ಹ್ಯಾಮ್ಸ್ಟರ್ (ಇಲಿಯಂಥ ಪ್ರಾಣಿ) ತಳಿಯಿಂದ ಆ ಚೂರನ್ನು ತೆಗೆದು, ಗಡಿಯಾರ ಕಳಕೊಂಡ ಇನ್ನೊಂದರ ತಲೆಗೆ ಹಾಕಿದರು. ಅದೂ 20 ತಾಸಿನ ದಿನ ಬಾಳತೊಡಗಿತು. ಇದು 1990ರ ಮಾತು.

ಇವೆಲ್ಲ ಪರದೇಶದ ಕಥೆ ಅಂದುಕೊಳ್ಳಬೇಡಿ. ಮದುರೈನಲ್ಲಿ ಎಂ.ಕೆ. ಚಂದ್ರಶೇಖರನ್ ಅಂತ ಇದ್ದರು. ಜರ್ಮನಿಯಲ್ಲಿ ಸಂಶೋಧನೆ ಮಾಡಿ ಬಂದವರು. ಅವರು ಮತ್ತು ಅವರ ಸಂಗಡಿಗರು ಬಾವಲಿಗಳ ಗುಹೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ಬೆಳಕೇ ಬಾರದ ಗುಹೆಯಲ್ಲಿ ಒಂದು ಬಾವಲಿಯನ್ನು ಪಂಜರದಲ್ಲಿಟ್ಟರು. ಸುತ್ತ ಬೇರೆ ಬಾವಲಿಗಳು ಸಂಜೆ ಹೊರಗೆ ಹಾರಿ ಬೆಳಗಿನ ಜಾವ ಮರಳುತ್ತಿದ್ದವು. ಪಂಜರದ್ದು ಹೊರಗೆ ಹೋಗಿಲ್ಲ, ಬೆಳಕು ನೋಡಿಲ್ಲ. ಆದರೂ ಸರಿಯಾಗಿ ಸಂಜೆಗೇ ಎದ್ದು ರೆಕ್ಕೆ ಬಡಿಯುತ್ತಿತ್ತು. ಬಾವಲಿಗಳೇ ಇಲ್ಲದ ಗುಹೆಗೆ ಒಯ್ದು ಇಟ್ಟರೆ ಅದರ ಗಡಿಯಾರ ದಿನದಿನವೂ ಜಾರತೊಡಗಿತು. ಜೊತೆಯವರ ಗದ್ದಲವೇ ಅದರ ಸೂರ್ಯ! 1981ರಲ್ಲಿ ಇದು ಅಚ್ಚಾಯಿತು. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರಕ್ಕೆ ಬಂದರು. ಅಲ್ಲಿ 600 ತಲೆಮಾರು ಹಗಲು ರಾತ್ರಿಯ ಫರಕೇ ಕಾಣದೆ ಬೆಳೆದ ನೊಣಗಳಲ್ಲೂ ಗಡಿಯಾರ ಉಳಿದಿತ್ತು ಅಂತ ಕಂಡರು. ಕಡಿಮೆ ದುಡ್ಡಿನಲ್ಲಿ ದೊಡ್ಡ ಪ್ರಶ್ನೆ ಕೇಳುವುದು ಹೇಗೆ ಅನ್ನುವುದಕ್ಕೆ ನಾನು ವಿದ್ಯಾರ್ಥಿಗಳಿಗೆ ಹೇಳುವುದು ಆ ಗುಹೆಯನ್ನೇ.

ಮೆಲಟೋನಿನ್ ಬಗ್ಗೆ ಎರಡು ಮಾತು, ಯಾಕಂದರೆ ಈಗ ನಿದ್ದೆಗೆ ಅಂತ ಅದರ ಗುಳಿಗೆ ಔಷಧಿ ಅಂಗಡಿಯಲ್ಲೆಲ್ಲ ಕಾಣುತ್ತಿದೆ. 1958ರಲ್ಲಿ ಅದನ್ನು ದನಗಳ ಮೆದುಳಿನೊಳಗಿನ ಪೀನಿಯಲ್ ಗ್ರಂಥಿಯಿಂದ ಬೇರ್ಪಡಿಸಿದ ಏರನ್ ಲರ್ನರ್ ನಿದ್ದೆಯ ಡಾಕ್ಟರ್ ಅಲ್ಲ, ಚರ್ಮದ ಡಾಕ್ಟರ್. ಕಪ್ಪೆಯ ಚರ್ಮವನ್ನು ಬೆಳ್ಳಗೆ ಮಾಡುವ ವಸ್ತು ಯಾವುದು ಅಂತ ಹುಡುಕುತ್ತಿದ್ದರು. ಅದು ರಾತ್ರಿಯ ಹಾರ್ಮೋನು. ಆದರೆ ನಿದ್ದೆಯ ಹಾರ್ಮೋನು ಅನ್ನುವುದು ಅರ್ಧ ಸತ್ಯ. ರಾತ್ರಿ ಎದ್ದು ಓಡುವ ಇಲಿಯಲ್ಲೂ ಅದು ರಾತ್ರಿಯೇ ಏರುತ್ತದೆ. ಈಗ ಕತ್ತಲಾಗಿದೆ ಅಂತ ಮೈಗೆ ತಿಳಿಸುತ್ತದೆ, ಮಲಗಬೇಕೋ ಏಳಬೇಕೋ ಅನ್ನುವುದು ಆಯಾ ಪ್ರಾಣಿಗೆ ಬಿಟ್ಟಿದ್ದು. ಮಧ್ಯರಾತ್ರಿ ಟ್ಯೂಬ್‌ಲೈಟ್ ಹಾಕಿದಿರೋ, ಸರ್ರಂತ ಇಳಿಯುತ್ತದೆ. ರಾತ್ರಿ ಎರಡಕ್ಕೆ ಮಂದ ಕೆಂಪು ದೀಪದಲ್ಲಿ ರಕ್ತ ತೆಗೆಯುವಾಗ, ಚಹಾ ಬೇಕೇನ್ರಿ ಅಂತ ಕೇಳಲು ಬಂದವರೊಬ್ಬರು ಸ್ವಿಚ್ ಒತ್ತಿ ನನ್ನ ಒಂದು ಇಡೀ ರಾತ್ರಿಯ ಕೆಲಸ ಹಾಳಾಗಿದ್ದುಂಟು. ಚಹಾ ಚೆನ್ನಾಗಿತ್ತು.

ಬೆಳಕು ಕಣ್ಣಿನಿಂದಲೇ ಒಳಗೆ ಹೋಗಬೇಕು ಅಂತಿಲ್ಲ. ಬೇಲಿ ಮೇಲಿನ ಓತಿಕ್ಯಾತದ ನೆತ್ತಿಯನ್ನು ಹತ್ತಿರದಿಂದ ನೋಡಿ. ಸಾಸಿವೆಗಿಂತ ಸಣ್ಣದೊಂದು ತಿಳಿ ಚುಕ್ಕೆ ಇದೆ. ಅದು ಮೂರನೇ ಕಣ್ಣು. ಚಿತ್ರ ಕಾಣುವುದಿಲ್ಲ, ಬೆಳಕು ಮಾತ್ರ. ಹಕ್ಕಿಗಳಿಗೆ ಆ ಚುಕ್ಕೆಯೂ ಇಲ್ಲ, ಆದರೂ ಬೆಳಕು ತಲೆಬುರುಡೆ ದಾಟಿ ಮೆದುಳನ್ನೇ ಮುಟ್ಟುತ್ತದೆ. ಮೆನಾಕರ್ ಅನ್ನುವವರು ಗುಬ್ಬಚ್ಚಿಯ ನೆತ್ತಿಯ ಚರ್ಮದ ಕೆಳಗೆ ಕಪ್ಪು ಶಾಯಿ ಹಾಕಿ ಇದನ್ನು ಪರೀಕ್ಷೆ ಮಾಡಿದ್ದರು.

ಇದನ್ನು ನೆನೆಸಿಕೊಳ್ಳಲು ನನಗೆ ಇಷ್ಟದ ಜಾಗ ಗದಗ ಜಿಲ್ಲೆ, ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆ ತಲೆಯ ಹೆಬ್ಬಾತುಗಳು ಬಂದು ಇಳಿಯುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಕೆರೆಯಲ್ಲಿ ತಂಗುತ್ತವೆ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಚಳಿ ಮುಗಿಯುತ್ತ ಬಂದ ಹಾಗೆ ಅವು ಹೊರಡುತ್ತವೆ. ಹೊರಡುವ ಹೊತ್ತು ಅಂತ ಹೇಗೆ ಗೊತ್ತು? ನಮ್ಮ ಕಡೆ ಅತಿ ಸಣ್ಣ ಹಗಲು 11 ತಾಸು 12 ನಿಮಿಷದ ಆಸುಪಾಸು, ಅತಿ ದೊಡ್ಡದು 13 ತಾಸು. ಡಿಸೆಂಬರ್ ಕೊನೆಯಿಂದ ಫೆಬ್ರವರಿ ಕೊನೆಗೆ ಸುಮಾರು ಅರ್ಧ ತಾಸು ಬೆಳೆದಿರುತ್ತದೆ. ನಮಗೆ ಗಮನಕ್ಕೂ ಬರುವುದಿಲ್ಲ. 1920ರ ದಶಕದಲ್ಲಿ ವಿಲಿಯಂ ರೋವನ್ ಕೆನಡಾದ ಕೊರೆಯುವ ಚಳಿಯಲ್ಲಿ ಜಂಕೊ ಹಕ್ಕಿಗಳಿಗೆ ಸಂಜೆ ಸ್ವಲ್ಪ ಹೊತ್ತು ಬಲ್ಬು ಉರಿಸಿದರು. ನಡು ಚಳಿಗಾಲದಲ್ಲಿ ಅವುಗಳ ವೃಷಣ ವಸಂತದಂತೆ ಬೆಳೆದವು. ಹವೆಯಲ್ಲ, ಹಗಲಿನ ಉದ್ದ. ಕೋಳಿ ಫಾರಂನವರು ರಾತ್ರಿ ದೀಪ ಹಚ್ಚಿ ದಿನವನ್ನು 16 ತಾಸಿಗೆ ಎಳೆಯುವುದೂ ಇದೇ ಲೆಕ್ಕದ ಮೇಲೆ. ಹೆಬ್ಬಾತಿನಂಥ ವಲಸೆ ಹಕ್ಕಿಗಳ ಒಳಗೆ ವರ್ಷದ ಗಡಿಯಾರವೂ ಇರುತ್ತದೆ. ಎರಡೂ ಸೇರಿ ಹಾರ್ಮೋನು ಏರಿಸುತ್ತವೆ, ಮೈಗೆ ಕೊಬ್ಬು ಕಟ್ಟುತ್ತವೆ.

ಆದರೆ ಬೆಳಕೇ ಎಲ್ಲದಕ್ಕೂ ಒಡೆಯ ಅಂದುಕೊಂಡರೆ ನಮ್ಮ ಗದ್ದೆ ಕಪ್ಪೆ ಒಪ್ಪುವುದಿಲ್ಲ. ಮೊದಲ ಜೋರು ಮಳೆಗೆ ಗಂಡು ನಿಂಬೆಹಣ್ಣಿನ ಹಳದಿಯಾಗಿ, ಗಂಟಲ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುವುದನ್ನು ಹಾನಗಲ್ಲ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಸ್.ಕೆ. ಸೈದಾಪುರ ಮತ್ತು ಅವರ ಶಿಷ್ಯರು ಈ ಕಪ್ಪೆಯ ಅಂಡಾಶಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಳೆಗೆ ಮೊದಲೇ ತಯಾರಿ ನಡೆದಿರುತ್ತದೆ. ಹೊಟ್ಟೆಯೊಳಗೆ ಬೆರಳಿನಾಕಾರದ ಹಳದಿ ಕೊಬ್ಬು ಇರುತ್ತದೆ, ತತ್ತಿ ಬೆಳೆಸಲು ಅದರ ನೆರವು ಬೇಕು. ಮಳೆ ಬಂದಾಗ ಆಗುವುದು ಕೊನೆಯ ಹೆಜ್ಜೆ. ಒಂದು ಕಾಲಕ್ಕೆ ಈ ಕಪ್ಪೆಗಳ ಕಾಲು ಹಡಗು ಹತ್ತಿ ಪರದೇಶದ ತಟ್ಟೆಗೆ ಹೋಗುತ್ತಿದ್ದವು. 1987ರಲ್ಲಿ ಸರ್ಕಾರ ಆ ರಫ್ತು ನಿಲ್ಲಿಸಿತು. ಒಳ್ಳೆಯದಾಯಿತು.

ಮಾತು ಮುಗಿದ ಮೇಲೆ ಪ್ರಶ್ನೆಗಳು. ಹುಬ್ಬಳ್ಳಿಯಿಂದ ಬಂದ ರೈಲ್ವೆಯ ನಿವೃತ್ತರೊಬ್ಬರು ಕೇಳಿದರು: "ಮೂವತ್ತು ವರ್ಷ ನೈಟ್ ಡ್ಯೂಟಿ ಮಾಡೇನ್ರಿ. ಮೈಗೆ ರೂಢಿ ಯಾಕ ಆಗಲಿಲ್ಲ?" ರಾತ್ರಿ ದುಡಿದು ಮನೆಗೆ ಹೋಗುವ ಹಾದಿಯಲ್ಲಿ ಎಳೆ ಬಿಸಿಲು ಕಣ್ಣಿಗೆ ಬೀಳುತ್ತದೆ. ಗಡಿಯಾರ ಅದನ್ನೇ ನಂಬುತ್ತದೆ. ಅದು ದಿನಕ್ಕೆ ಸುಮಾರು ಒಂದು ತಾಸು ಮಾತ್ರ ಸರಿಯಬಲ್ಲದು. ಅಷ್ಟೊತ್ತಿಗೆ ವಾರದ ಸೂಟಿ ಬಂದು, ನೀವು ಮತ್ತೆ ರಾತ್ರಿ ಮಲಗುತ್ತೀರಿ. ಇದು ಬರೀ ನಿದ್ದೆಯ ಮಾತೂ ಅಲ್ಲ. ದಿನದ ಲಯ ಕೆಡಿಸುವ ಪಾಳಿ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2007ರಲ್ಲೇ ಬಹುಶಃ ಕ್ಯಾನ್ಸರ್‌ಕಾರಕ ಅನ್ನುವ ಗುಂಪಿಗೆ ಹಾಕಿದೆ. ಅವರು ಇದನ್ನು ಕೇಳಿ, "ಅಂದ್ರ ತಪ್ಪು ನಂದಲ್ಲ" ಅಂದರು. ಅಲ್ಲವೇ ಅಲ್ಲ.

ಎಮ್ಮೆ ಕಟ್ಟಿರುವ ಒಬ್ಬರು, ಹೊಸಬರು ಹತ್ತಿರ ನಿಂತರೆ ಎಮ್ಮೆ ಯಾಕೆ ಹಾಲು ಏರಿಸಿಕೊಳ್ಳುತ್ತದೆ ಅಂತ ಕೇಳಿದರು. ಕೆಚ್ಚಲು ಮುಟ್ಟಿದಾಗ ಹಾಲು ಇಳಿಸುವ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬರುತ್ತದೆ, ಕೆಲವೇ ನಿಮಿಷ ಇರುತ್ತದೆ. ಹೆದರಿದರೆ ಅಡ್ರಿನಲಿನ್ ಅದಕ್ಕೆ ಅಡ್ಡ ಬರುತ್ತದೆ. ದಿನವೂ ಅದೇ ಹೊತ್ತು, ಅದೇ ಕೈ, ಅದೇ ಬಕೆಟ್ಟಿನ ಸದ್ದು ಇದ್ದರೆ ಕೈ ಹಾಕುವ ಮೊದಲೇ ಹಾಲು ಇಳಿಯುತ್ತದೆ ಅಂದೆ. "ಅದು ನಮಗ ಗೊತ್ತೈತ್ರಿ, ಹೆಸರು ಗೊತ್ತಿರಲಿಲ್ಲ" ಅಂದರು.

ಒಬ್ಬ ಹುಡುಗಿ ಕಾರ್ಟಿಸಾಲ್ ಅನ್ನುವ ಹಾರ್ಮೋನಿನ ರಿಪೋರ್ಟು ತಂದಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನವರು ಎಷ್ಟು ಗಂಟೆಗೆ ತೆಗೆದ ರಕ್ತ ಅಂತ ಕೂಗಿದರು. ಕಾರ್ಟಿಸಾಲ್ ಮುಂಜಾನೆ ಏಳುವ ಹೊತ್ತಿಗೆ ಮೇಲೆ, ಮಧ್ಯರಾತ್ರಿಗೆ ತಳದಲ್ಲಿ. ಅದಕ್ಕೇ ಎಂಟಕ್ಕೆ ಬನ್ನಿ ಅನ್ನುತ್ತಾರೆ. ಅವಳ ಚೀಟಿಯಲ್ಲಿ ತಾರೀಖು ಇತ್ತು, ವಯಸ್ಸು ಇತ್ತು, ಹೊತ್ತು ಇರಲಿಲ್ಲ. ಡಾಕ್ಟರಿಗೆ ಅದನ್ನೇ ಮೊದಲು ಹೇಳು ಅಂದೆ.

ಕೊನೆಗೆ ಇನ್ನೊಬ್ಬ ಹುಡುಗಿ ನಿಂತು, ಆ ಎರಡು ವರ್ಷದ ಅಂಕಿಗಳು ಏನಾದವು ಮೇಡಂ ಅಂದಳು. ರಕ್ತ ತೆಗೆದ ಹೊತ್ತು ಬರೆದಿಟ್ಟಿದ್ದೆ, ಆದರೆ ಅವತ್ತು ಇಲಿಯ ಪಾಲಿಗೆ ಹೊತ್ತೆಷ್ಟಾಗಿತ್ತು ಅಂತ ತಿಳಿಯುವ ದಾರಿಯೇ ಇರಲಿಲ್ಲ. ಅಷ್ಟನ್ನೂ ಕೈಬಿಟ್ಟೆ. ಬ್ಯಾಟರಿ ಇರುವ ಟೈಮರ್ ತಂದು ಮೊದಲಿನಿಂದ ಶುರು ಮಾಡಿದೆ. ಟೈಮರನ್ನೂ ಪೂರ್ತಿ ನಂಬಲು ಧೈರ್ಯ ಬರಲಿಲ್ಲ. ಕಾಕಾ ಅವರ ಮಂಚದ ಪಕ್ಕ ಒಂದು ಗೋಡೆ ಕ್ಯಾಲೆಂಡರ್ ತೂಗುಹಾಕಿ, ಗಾಲಿಯ ಸದ್ದು ಶುರುವಾದ ಹೊತ್ತನ್ನು ಚೌಕದಲ್ಲಿ ಬರೆಯಿರಿ ಅಂದೆ. ಒಂದು ವರ್ಷ ಪೆನ್ಸಿಲಿನಲ್ಲಿ ಬರೆದರು. ಏಳು ಹತ್ತು, ಏಳು ಐದು, ಏಳು ಹದಿನೈದು. ಆ ಕ್ಯಾಲೆಂಡರ್ ಇನ್ನೂ ನನ್ನ ಹತ್ತಿರ ಇದೆ. ಯುಗಾದಿಯ ಚೌಕ ಮಾತ್ರ ಖಾಲಿ. ಅವತ್ತು ಕಾಕಾ ಊರಿಗೆ ಹೋಗಿದ್ದರು.